ಕಲ್ಲಿದ್ದಲು ವಜ್ರವಾಗುತ್ತದೆಯೇ? ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ

"ಒತ್ತಡ ತಾಳಿಕೊಂಡ ಕಲ್ಲಿದ್ದಲೇ ವಜ್ರವಾಗುತ್ತದೆ" ಎಂಬ ಶುಭೋದಯ ಸಂದೇಶ ನಿಮ್ಮ ವಾಟ್ಸ್ಆ್ಯಪ್ ಗ್ರೂಪಿಗೂ ಬಂದಿರಬಹುದು. ಸ್ಫೂರ್ತಿಯ ಮಾತಾಗಿ ಚೆನ್ನಾಗಿದೆ, ಆದರೆ ವಿಜ್ಞಾನದ ಪ್ರಕಾರ ತಪ್ಪು.

ಗೊಂದಲ ಯಾಕೆ?
ಎರಡರಲ್ಲೂ ಇರುವುದು ಇಂಗಾಲ, ಅಂದರೆ ಕಾರ್ಬನ್. ಆದರೆ ಕಲ್ಲಿದ್ದಲು ಹೂತುಹೋದ ಗಿಡಮರಗಳಿಂದ ಆದದ್ದು. ನೆಲದ ಮೇಲೆ ಸಸ್ಯಗಳು ಹುಟ್ಟಿ ಇನ್ನೂ 50 ಕೋಟಿ ವರ್ಷವೂ ಆಗಿಲ್ಲ. ಹೆಚ್ಚಿನ ವಜ್ರಗಳ ವಯಸ್ಸೋ 100ರಿಂದ 350 ಕೋಟಿ ವರ್ಷ! ಮೊಮ್ಮಗ ಅಜ್ಜನನ್ನು ಹೆರುವುದು ಹೇಗೆ?

ಹಾಗಾದರೆ ವಜ್ರ ಹುಟ್ಟುವುದೆಲ್ಲಿ?
ಹೆಚ್ಚಿನವು ನೆಲದಿಂದ 150ರಿಂದ 200 ಕಿಲೋಮೀಟರ್ ಆಳದಲ್ಲಿ, ಮ್ಯಾಂಟಲ್ ಎಂಬ ಪದರದಲ್ಲಿ. ಮನುಷ್ಯ ಕೊರೆದಿರುವ ಅತಿ ಆಳದ ರಂಧ್ರ, ರಷ್ಯಾದ ಕೋಲಾದಲ್ಲಿರುವುದು, 12 ಕಿಲೋಮೀಟರ್ ಚಿಲ್ಲರೆ ಮಾತ್ರ. ವಜ್ರ ಹುಟ್ಟುವ ಆಳದಲ್ಲಿ ಬಿಸಿ 900 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು. ಒತ್ತಡ ನಮ್ಮ ಸುತ್ತಲಿನ ಗಾಳಿಯ ಒತ್ತಡಕ್ಕಿಂತ ಸುಮಾರು 50,000 ಪಟ್ಟು. ಬಂಡೆಗಳ ಸಂದಿಯಲ್ಲಿ ಹರಿಯುವ ದ್ರವಗಳಲ್ಲಿನ ಇಂಗಾಲ ಅಲ್ಲಿ ಹರಳುಗಟ್ಟುತ್ತದೆ.

ಇದು ಗೊತ್ತಾದದ್ದು ಹೇಗೆ?
ಬೆಳೆಯುವಾಗ ಕೆಲವು ವಜ್ರಗಳು ಅಕ್ಕಪಕ್ಕದ ಖನಿಜದ ಕಣಗಳನ್ನು ಒಳಗೆ ಹಿಡಿದಿಟ್ಟುಕೊಳ್ಳುತ್ತವೆ. ಆ ಕಣಗಳಿಂದಲೇ ವಿಜ್ಞಾನಿಗಳು ಆಳವನ್ನೂ ವಯಸ್ಸನ್ನೂ ಲೆಕ್ಕ ಹಾಕುತ್ತಾರೆ.

ಮೇಲೆ ಬರುವುದು ಹೇಗೆ?
ಕಿಂಬರ್ಲೈಟ್ ಎಂಬ ಶಿಲಾರಸ ಆಳದಿಂದ ಸಿಡಿದು, ವಜ್ರಗಳನ್ನು ಹೊತ್ತು ವೇಗವಾಗಿ ಮೇಲೇರುತ್ತದೆ. ನಿಧಾನವಾಗಿ ಬಂದಿದ್ದರೆ ವಜ್ರ ಪೆನ್ಸಿಲ್ ಕಡ್ಡಿಯ ಗ್ರಾಫೈಟ್ ಆಗಿಬಿಡಬಹುದಿತ್ತು. ದಕ್ಷಿಣ ಆಫ್ರಿಕಾದ ಕಿಂಬರ್ಲಿ ಊರಿನಿಂದ ಈ ಹೆಸರು ಬಂತು. ನಮ್ಮ ಬಳ್ಳಾರಿ ಪಕ್ಕದ ಅನಂತಪುರ ಜಿಲ್ಲೆಯ ವಜ್ರಕರೂರಿನಲ್ಲೂ ಸುಮಾರು 110 ಕೋಟಿ ವರ್ಷ ಹಳೆಯ ಕಿಂಬರ್ಲೈಟ್ ಬಂಡೆಗಳಿವೆ. ಆ ಭಾಗದಲ್ಲಿ ಮುಂಗಾರು ಮಳೆ ಬಿದ್ದೊಡನೆ ಜನ ಹೊಲಗಳಲ್ಲಿ ವಜ್ರ ಹುಡುಕುತ್ತಾರೆ. ಮಳೆ ವಜ್ರವನ್ನು ಹುಟ್ಟಿಸುವುದಿಲ್ಲ, ಮೇಲಿನ ಮಣ್ಣನ್ನು ತೊಳೆಯುತ್ತದೆ ಅಷ್ಟೇ.

ಒಂದು ಎಚ್ಚರಿಕೆ
"ಅಸಲಿ ವಜ್ರ ಸುತ್ತಿಗೆಯಿಂದ ಹೊಡೆದರೂ ಒಡೆಯುವುದಿಲ್ಲ" ಎಂಬುದೂ ಸುಳ್ಳು. ವಜ್ರದ ಮೇಲೆ ಗೀರು ಬೀಳುವುದು ಕಷ್ಟ, ಆದರೆ ಪೆಟ್ಟು ಬಿದ್ದರೆ ಅದು ಸೀಳುತ್ತದೆ. ಹಾಗೆ ಪರೀಕ್ಷೆ ಮಾಡಲು ಹೋದರೆ ಕೈಗೆ ಸಿಕ್ಕ ಅಸಲಿ ಹರಳೇ ಚೂರಾಗಬಹುದು. ಅನುಮಾನವಿದ್ದರೆ ರತ್ನ ಪರೀಕ್ಷಾ ಪ್ರಯೋಗಾಲಯಕ್ಕೆ ತೋರಿಸಿ.

ತೀರ್ಪು: ಕಲ್ಲಿದ್ದಲಿನಿಂದ ವಜ್ರ ಹುಟ್ಟುತ್ತದೆ ಎಂಬುದು ತಪ್ಪು.