ತೊಟ್ಟಿಯಿಂದ ತೊಟ್ಟಿನವರೆಗೆ
ದನ, ಕುದುರೆ, ಕೋಳಿಗಳ ಮೇವು-ನೀರಿನ ಪಾತ್ರೆಗಳ ಚರಿತ್ರೆ

ಹಳ್ಳಿಯ ಹಳೆಯ ಮನೆಯ ಕೊಟ್ಟಿಗೆಯನ್ನು ಕಂಡವರಿಗೆ ಕಲ್ಲುಬಾನಿಯ ಪರಿಚಯ ಹೇಳಬೇಕಾಗಿಲ್ಲ. ಅಕ್ಕಿ ತೊಳೆದ ನೀರು, ಅನ್ನ ಬಸಿದ ಗಂಜಿ, ತರಕಾರಿಯ ಸಿಪ್ಪೆ ಎಲ್ಲವೂ ಸೇರಿದ ಕಲಗಚ್ಚು ಅದರಲ್ಲಿ ತುಂಬಿರುತ್ತಿತ್ತು. ಸಂಜೆ ಮೇದು ಬಂದ ಹಸು ಯಾರನ್ನೂ ಕೇಳದೆ ನೇರವಾಗಿ ಬಾನಿಗೆ ಮೂತಿ ಇಳಿಸುತ್ತಿತ್ತು. ಅದು ಮುಗಿಸಿದ ಮೇಲೆ ಎಮ್ಮೆ, ಎಮ್ಮೆ ಸರಿದ ಮೇಲೆ ಕರು. ಕೊನೆಗೆ ಬಾನಿಯ ಅಂಚಿನ ಮೇಲೆ ಹಾರಿ ಕುಳಿತ ಕೋಳಿ ಉಳಿದ ಅಗುಳನ್ನು ಹೆಕ್ಕುತ್ತಿತ್ತು.

ಒಂದೇ ಪಾತ್ರೆ, ಹಲವು ಬಾಯಿ. ಮೇವು-ನೀರಿನ ಸಲಕರಣೆಗಳ ಚರಿತ್ರೆ ಆರಂಭವಾಗುವುದು ಇಲ್ಲಿಂದ. ಈ ಹಂಚಿಕೊಂಡ ಪಾತ್ರೆಯಿಂದ ಮನುಷ್ಯ ಹೇಗೆ, ಏಕೆ ದೂರ ಸರಿದ, ಸರಿಯುವಾಗ ಏನನ್ನು ಕಲಿತ ಎಂಬುದನ್ನು ಇಲ್ಲಿ ನೋಡೋಣ.

ಕಟ್ಟಿದವನ ಹೊಣೆ

ಕಾಡಿನ ಪ್ರಾಣಿಗೆ ಬಾನಿ ಬೇಕಿಲ್ಲ. ಬಾಯಾರಿದಾಗ ಅದು ಹೊಳೆಯನ್ನು ಹುಡುಕಿಕೊಂಡು ಹೋಗುತ್ತದೆ. ಆದರೆ ಪ್ರಾಣಿಯ ಕೊರಳಿಗೆ ಹಗ್ಗ ಬಿದ್ದ ದಿನವೇ ಅದಕ್ಕೆ ನೀರು ತಂದಿಡುವ ಹೊಣೆ ಕಟ್ಟಿದವನ ಮೇಲೆ ಬಿತ್ತು. ಕಟ್ಟಿಹಾಕಿದ ದನ ಬಾಯಿಬಿಟ್ಟು ಕೇಳಲಾರದು. ನಾವು ಕೊಟ್ಟಾಗ ಮಾತ್ರ ಕುಡಿಯಬಲ್ಲದು.

ಇಂದಿನ ಇಸ್ರೇಲಿನಲ್ಲಿರುವ ಮೆಗಿದ್ದೊ ಎಂಬಲ್ಲಿ ಷಿಕಾಗೋ ವಿಶ್ವವಿದ್ಯಾನಿಲಯದವರು 1925ರಿಂದ 1939ರವರೆಗೆ ಉತ್ಖನನ ನಡೆಸಿದರು. ಸಾಲುಗಂಬಗಳ ನಡುವೆ ಸುಣ್ಣಕಲ್ಲನ್ನು ಕೊರೆದು ಮಾಡಿದ ತೊಟ್ಟಿಗಳು ಅಲ್ಲಿ ದೊರೆತವು. ಅವು ಕುದುರೆ ಲಾಯದ ಮೇವಿನ ತೊಟ್ಟಿಗಳೆಂದು ಹಲವು ವಿದ್ವಾಂಸರೂ, ಆ ಕಟ್ಟಡಗಳು ಉಗ್ರಾಣಗಳೆಂದು ಮತ್ತೆ ಕೆಲವರೂ ವಾದಿಸಿದ್ದಾರೆ. ಕ್ರಿಸ್‌ಮಸ್ ಸಮಯದಲ್ಲಿ ನಮ್ಮಲ್ಲಿ ಅಲಂಕರಿಸಿಡುವ ‘ಗೋದಲಿ’ ಕೂಡ ಮೂಲತಃ ದನಗಳ ಮೇವಿನ ತೊಟ್ಟಿಯೇ.

ನಮ್ಮ ದೇಶದಲ್ಲಿ ಇದಕ್ಕೆ ಬರವಣಿಗೆಯ ಸಾಕ್ಷ್ಯವೇ ಇದೆ. ಮಸ್ಕಿಯ ಶಾಸನದಿಂದ ಕನ್ನಡಿಗರಿಗೆ ಹತ್ತಿರದವನಾದ ಅಶೋಕ, ಕ್ರಿ.ಪೂ. 3ನೆಯ ಶತಮಾನದ ತನ್ನ ಎರಡನೆಯ ಬಂಡೆಶಾಸನದಲ್ಲಿ ಮನುಷ್ಯರಿಗೂ ಪಶುಗಳಿಗೂ ದಾರಿಯುದ್ದಕ್ಕೂ ಬಾವಿ ತೋಡಿಸಿದ್ದನ್ನು ಹೇಳುತ್ತಾನೆ. ಈ ಶಾಸನದ ಒಂದು ಪ್ರತಿ ನಮ್ಮ ಗಡಿಗೆ ಸಮೀಪದ, ಆಂಧ್ರಪ್ರದೇಶದ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿದೆ. ಮುಂದೆ ಏಳನೆಯ ಸ್ತಂಭಶಾಸನದಲ್ಲಿ, ಪಶುಗಳೂ ಮನುಷ್ಯರೂ ನೀರು ಕುಡಿಯಲೆಂದು ಅಲ್ಲಲ್ಲಿ ನೀರಿನ ತಾಣಗಳನ್ನು ಮಾಡಿಸಿದ್ದನ್ನೂ ಅವನು ದಾಖಲಿಸಿದ್ದಾನೆ. ಪಶುವಿನ ಬಾಯಾರಿಕೆ ರಾಜ್ಯದ ಹೊಣೆಯೆಂದು ಕಲ್ಲಿನಲ್ಲಿ ಬರೆಸಿದ ದೊರೆಗಳು ಜಗತ್ತಿನಲ್ಲಿ ವಿರಳ.

ಕರ್ನಾಟಕದ ಬಯಲುಸೀಮೆಯ ಗೋಕಟ್ಟೆಗಳು ಇದೇ ಹೊಣೆಯ ಇನ್ನೊಂದು ರೂಪ. ಮೇಯಲು ಹೋದ ದನಗಳಿಗೆಂದೇ ಕಟ್ಟಿದ ಈ ಸಣ್ಣ ಕೆರೆಗಳ ಒಂದು ಬದಿಯನ್ನು ಇಳಿಜಾರಾಗಿ ಬಿಡುತ್ತಾರೆ. ನೀರು ಕಡಿಮೆಯಾದಂತೆ ದನ ಇನ್ನಷ್ಟು ಕೆಳಗಿಳಿದು ಕುಡಿಯಬಲ್ಲದು. ಸರಳವಾದರೂ ಜಾಣತನದ ವಿನ್ಯಾಸ ಇದು. ಆದರೆ ಇಳಿಜಾರಿನಲ್ಲಿ ಇಳಿದ ದನ ಅಲ್ಲಿಯೇ ಸಗಣಿ ಹಾಕುತ್ತದೆ, ಅಂಚನ್ನೆಲ್ಲ ತುಳಿದು ಕೆಸರು ಮಾಡುತ್ತದೆ. ಅಂಥ ಕೆಸರಿನಲ್ಲಿ ಅಡಗಿರುವ ಅಪಾಯವೇನೆಂಬುದು ವಿಜ್ಞಾನಕ್ಕೆ ತಿಳಿದದ್ದು ದೂರದ ಇಂಗ್ಲೆಂಡಿನ ಒಂದು ಅನಾಹುತದಿಂದ.

ಕೆಸರಿನ ಅಂಚಿನ ಬಸವನಹುಳು

1879-80ರಲ್ಲಿ ಇಂಗ್ಲೆಂಡಿನಲ್ಲಿ ಮಳೆ ವಿಪರೀತವಾಯಿತು. ಹುಲ್ಲುಗಾವಲುಗಳು ಜೌಗಾದವು. ಸುಮಾರು 30 ಲಕ್ಷ ಕುರಿಗಳು ಯಕೃತ್ತಿನ ರೋಗದಿಂದ ಸತ್ತವು. ಸತ್ತ ಕುರಿಗಳ ಯಕೃತ್ತಿನಲ್ಲಿ ಎಲೆಯಾಕಾರದ ಹುಳುಗಳಿರುವುದು ಮೊದಲೇ ಗೊತ್ತಿತ್ತು. ಆದರೆ ಅವು ಒಳಗೆ ಹೋಗುವುದು ಹೇಗೆ? ಆಕ್ಸ್‌ಫರ್ಡಿನ ಆಲ್ಜರ್ನನ್ ಥಾಮಸ್ ಮತ್ತು ಜರ್ಮನಿಯ ಲೈಪ್‌ಜಿಗ್‌ನ ರುಡಾಲ್ಫ್ ಲ್ಯೂಕಾರ್ಟ್ ಪ್ರತ್ಯೇಕವಾಗಿ ಶ್ರಮಿಸಿ 1883ರ ಹೊತ್ತಿಗೆ ಈ ಒಗಟನ್ನು ಬಿಡಿಸಿದರು. ಸಗಣಿಯ ಮೂಲಕ ಹುಳುವಿನ ಮೊಟ್ಟೆ ನೀರಿಗೆ ಬೀಳುತ್ತದೆ. ಮೊಟ್ಟೆಯೊಡೆದ ಮರಿ ಒಂದು ಜಾತಿಯ ಬಸವನಹುಳುವಿನ ದೇಹವನ್ನು ಹೊಕ್ಕು ಅಲ್ಲಿ ನೂರಾರಾಗಿ ಬೆಳೆಯುತ್ತದೆ. ಮತ್ತೆ ಹೊರಬಂದು ನೀರಿನಂಚಿನ ಹುಲ್ಲಿಗೆ ಅಂಟಿಕೊಳ್ಳುತ್ತದೆ. ಆ ಹುಲ್ಲನ್ನು ಮೇದ ಪ್ರಾಣಿಗೆ ರೋಗ ಅಂಟಬಲ್ಲದು. ನಮ್ಮ ಮಲೆನಾಡಿನ ರೈತರಿಗೂ ಈ ಯಕೃತ್ತಿನ ಹುಳು ಅಪರಿಚಿತವಲ್ಲ.

ಈ ಶೋಧನೆಯಿಂದ ಒಂದು ಪಾಠ ಹೊರಬಂತು: ನೀರು ಎಷ್ಟಿದೆ ಎಂಬುದಷ್ಟೇ ಮುಖ್ಯವಲ್ಲ, ಪ್ರಾಣಿ ನೀರನ್ನು ಎಲ್ಲಿ ನಿಂತು ಕುಡಿಯುತ್ತದೆ ಎಂಬುದೂ ಮುಖ್ಯ. ನೀರನ್ನು ನೆಲದಿಂದ ಮೇಲಕ್ಕೆತ್ತಿ ತೊಟ್ಟಿಯಲ್ಲಿಡಬೇಕು, ಸುತ್ತ ಕಲ್ಲುಚಪ್ಪಡಿ ಹಾಸಬೇಕು, ಚೆಲ್ಲಿದ ನೀರು ಹರಿದುಹೋಗಬೇಕು. ಹಾಗಾದರೆ ಕಲ್ಲಿನ ತೊಟ್ಟಿ ಕಟ್ಟಿಬಿಟ್ಟರೆ ಸಾಕಾಗಿತ್ತೇ?

ಲಂಡನ್ನಿನ ಕರುಣೆ

19ನೆಯ ಶತಮಾನದ ಲಂಡನ್ ಕುದುರೆಗಳ ನಗರವಾಗಿತ್ತು. ಬಂಡಿ, ಬಸ್ಸು, ಸರಕು ಎಲ್ಲವನ್ನೂ ಕುದುರೆಯೇ ಎಳೆಯಬೇಕು. ಮಾರುಕಟ್ಟೆಗೆಂದು ದೂರದೂರಿನಿಂದ ಹೊಡೆದು ತರುವ ದನ-ಕುರಿಗಳು ಬೇರೆ. ದಾರಿಯಲ್ಲಿ ನೀರು ಸಿಗುತ್ತಿದ್ದುದು ಹೆಚ್ಚಾಗಿ ಹೆಂಡದಂಗಡಿಗಳ ಮುಂದಿನ ತೊಟ್ಟಿಗಳಲ್ಲಿ. ಕುದುರೆಗೆ ನೀರು ಕುಡಿಸಬೇಕಾದರೆ ಬಂಡಿಯವನು ಒಳಗೆ ಹೋಗಿ ಏನಾದರೂ ಕುಡಿಯಲೇಬೇಕೆಂಬ ನಿರೀಕ್ಷೆ ಅಂಗಡಿಯವನಿಗೆ.

1859ರಲ್ಲಿ ಪಾರ್ಲಿಮೆಂಟಿನ ಸದಸ್ಯ ಸ್ಯಾಮ್ಯುಯೆಲ್ ಗರ್ನಿ ಜನರಿಗೆ ಉಚಿತವಾಗಿ ಶುದ್ಧ ನೀರು ಕೊಡಲೆಂದು ಒಂದು ಸಂಘವನ್ನು ಸ್ಥಾಪಿಸಿದರು. ನಮ್ಮ ಅರವಟ್ಟಿಗೆಯಂಥದೇ ಸೇವೆ ಅದು. 1867ರಲ್ಲಿ ಸಂಘದ ಹೆಸರಿಗೆ ‘ದನಗಳ ತೊಟ್ಟಿ’ ಎಂಬ ಮಾತೂ ಸೇರಿತು. ಬೀದಿಬೀದಿಗಳಲ್ಲಿ ಉದ್ದನೆಯ ಗ್ರಾನೈಟ್ ತೊಟ್ಟಿಗಳು ಎದ್ದವು. ಹಲವದರ ಕೆಳಭಾಗದಲ್ಲಿ ನಾಯಿಗಳಿಗೂ ಒಂದು ಪುಟ್ಟ ತೊಟ್ಟಿ ಇರುತ್ತಿತ್ತು. ಇಂಥ ದಾನದ ತೊಟ್ಟಿಗಳು ಅಮೆರಿಕದ ನಗರಗಳಲ್ಲೂ ಕಾಣಿಸಿಕೊಂಡವು.

ಆದರೆ ಈ ಕರುಣೆಗೆ ಒಂದು ಕುರುಡು ಮೂಲೆ ಇತ್ತು. ‘ಗ್ಲ್ಯಾಂಡರ್ಸ್’ ಎಂಬುದು ಕುದುರೆಗಳ ಭೀಕರ ರೋಗ. ಮೂಗಿನಿಂದ ಕೀವಿನಂಥ ಸಿಂಬಳ ಸುರಿಯುತ್ತದೆ. ಮನುಷ್ಯರಿಗೂ ಅಂಟಿ ಪ್ರಾಣ ತೆಗೆಯಬಲ್ಲದು. 1882ರಲ್ಲಿ ಜರ್ಮನಿಯ ಲೋಫ್ಲರ್ ಮತ್ತು ಷುಟ್ಸ್ ಇದರ ರೋಗಾಣುವನ್ನು ಬೇರ್ಪಡಿಸಿದರು. ರೋಗದ ಕುದುರೆ ಮೂಗದ್ದಿ ಕುಡಿದ ತೊಟ್ಟಿಯಲ್ಲಿ ಮುಂದಿನ ಕುದುರೆಗೆ ನೀರಿನ ಜೊತೆ ರೋಗವೂ ಸಿಗುತ್ತಿತ್ತು. 20ನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಹಲವು ನಗರಗಳು ಸಾರ್ವಜನಿಕ ತೊಟ್ಟಿಗಳನ್ನು ಮುಚ್ಚಿ, ಪ್ರತಿಯೊಬ್ಬ ಬಂಡಿಯವನೂ ತನ್ನದೇ ಬಕೆಟ್ಟು ಇಟ್ಟುಕೊಳ್ಳಬೇಕೆಂದು ವಿಧಿಸಿದವು. ಬಾಯಾರಿಕೆ ನೀಗಲು ಕಟ್ಟಿದ್ದೇ ರೋಗದ ದಾರಿಯೂ ಆಗಿತ್ತು. ಮೋಟಾರು ವಾಹನಗಳು ಬಂದ ಮೇಲೆ ಲಂಡನ್ನಿನ ತೊಟ್ಟಿಗಳಿಗೆ ಕೆಲಸವೇ ಇಲ್ಲವಾಯಿತು. ಉಳಿದವುಗಳಲ್ಲಿ ಹಲವು ಈಗ ಹೂಗಿಡಗಳ ಕುಂಡಗಳಾಗಿವೆ.

ಹಸು ತಾನೇ ತೆರೆಯುವ ನಲ್ಲಿ

ಹಂಚಿಕೊಂಡ ತೊಟ್ಟಿಯ ಅಪಾಯ ತಿಳಿದ ಮೇಲೆ ಹೈನುಗಾರಿಕೆಯ ಕೊಟ್ಟಿಗೆಗಳಲ್ಲಿ ನೀರಿನ ಬಟ್ಟಲುಗಳು ಬಳಕೆಗೆ ಬಂದವು. ಒಂದು ಹಸುವಿಗೆ, ಇಲ್ಲವೇ ಅಕ್ಕಪಕ್ಕದ ಎರಡು ಹಸುಗಳಿಗೆ ಒಂದು ಬಟ್ಟಲು. ಹಸು ಮೂಗಿನಿಂದ ಒಂದು ಹಲಗೆಯನ್ನು ಒತ್ತಿದರೆ ಕವಾಟ ತೆರೆದು ನೀರು ಬರುತ್ತದೆ. ಮೂಗು ತೆಗೆದರೆ ನಿಲ್ಲುತ್ತದೆ.

ಇಲ್ಲಿ ವಿನ್ಯಾಸಕಾರ ಪ್ರಾಣಿಯ ದೇಹವನ್ನು ಬಲ್ಲವನಾಗಿರಬೇಕು. ಹಾಲಿನ ನೂರರಲ್ಲಿ ಸುಮಾರು 87 ಪಾಲು ನೀರೇ. ಹೆಚ್ಚು ಹಾಲು ಕೊಡುವ ಹಸು ಸೆಕೆಯ ದಿನ 100 ಲೀಟರಿನಷ್ಟು ನೀರು ಕುಡಿಯಬಲ್ಲದು. ಹಸು ಕೊಕ್ಕಿನಲ್ಲಿ ಗುಟುಕರಿಸುವ ಪ್ರಾಣಿಯಲ್ಲ. ಮೂತಿಯನ್ನು ನೀರಿನಲ್ಲಿಟ್ಟು ಹೀರುತ್ತದೆ, ಬಾಯಾರಿದ್ದರೆ ನಿಮಿಷಕ್ಕೆ 10ರಿಂದ 20 ಲೀಟರ್. ನಿಮಿಷಕ್ಕೆ ಎರಡು ಲೀಟರ್ ಮಾತ್ರ ತುಂಬುವ ಬಟ್ಟಲು ಎಷ್ಟು ಚಂದವಿದ್ದರೂ ಹಸುವಿಗೆ ಬೇಸರ ತರಿಸುತ್ತದೆ. ಅದು ಕುಡಿಯುವುದನ್ನು ನಿಲ್ಲಿಸುತ್ತದೆ, ಹಾಲು ಇಳಿಯುತ್ತದೆ.

ಮೇವಿನ ಗೋದಲಿಗೂ ಹೀಗೆಯೇ ಲೆಕ್ಕವುಂಟು. ದನ ತಲೆ ತಗ್ಗಿಸಿ ಮೇಯುವ ಪ್ರಾಣಿ. ತಲೆ ತಗ್ಗಿದಾಗ ಬಾಯಲ್ಲಿ ಜೊಲ್ಲು ಹೆಚ್ಚು ಸುರಿಯುತ್ತದೆ, ಜೊಲ್ಲು ಹೆಚ್ಚಿದರೆ ಜೀರ್ಣಕ್ಕೆ ಅನುಕೂಲ. ಆದ್ದರಿಂದ ಗೋದಲಿಯ ತಳ ಮುಂಗಾಲು ಊರಿದ ನೆಲಕ್ಕಿಂತ ನಾಲ್ಕಾರು ಅಂಗುಲ ಮಾತ್ರ ಎತ್ತರವಿದ್ದರೆ ಸಾಕು. ಒಳಮೂಲೆಗಳು ಚೂಪಾಗಿರದೆ ಬಟ್ಟಲಿನಂತೆ ದುಂಡಗಿರಬೇಕು. ಮೂಲೆಯಲ್ಲಿ ಸಿಕ್ಕಿಕೊಂಡ ಒದ್ದೆ ಬೂಸಾ ರಾತ್ರಿ ಕಳೆಯುವಷ್ಟರಲ್ಲಿ ಹುಳಿಯುತ್ತದೆ.

ಕೋಳಿಯ ಕೊಕ್ಕಿನ ಲೆಕ್ಕ

ಹಸುವಿಗೆ ಹೊಂದಿದ್ದು ಕೋಳಿಗೆ ಹೊಂದದು. ಕೋಳಿ ನೀರನ್ನು ಹೀರಲಾರದು. ಕೊಕ್ಕಿನಲ್ಲಿ ತುಸು ತುಂಬಿಕೊಂಡು, ತಲೆಯೆತ್ತಿ, ಗಂಟಲಿಗೆ ಇಳಿಸಿಕೊಳ್ಳುತ್ತದೆ. ಹಿತ್ತಿಲಿನ ಹತ್ತು ಕೋಳಿಗಳಿಗೆ ಮಣ್ಣಿನ ತಟ್ಟೆಯಲ್ಲಿ ನೀರಿಟ್ಟರೆ ಸಾಕಿತ್ತು. ತಲೆಕೆಳಗು ಮಾಡಿದ ಡಬ್ಬಿಯ ನೀರಿನ ಪಾತ್ರೆ ಅದಕ್ಕಿಂತ ಒಂದು ಹೆಜ್ಜೆ ಮುಂದೆ. ತಟ್ಟೆಯ ನೀರು ಇಳಿದಾಗ ತೂತಿನ ಮೂಲಕ ಗಾಳಿ ಒಳಹೊಕ್ಕು ಅಷ್ಟೇ ನೀರು ಹೊರಬರುತ್ತದೆ. ಇಟಲಿಯ ಟಾರಿಚೆಲ್ಲಿ 1643ರಲ್ಲಿ ಪಾದರಸದ ಕೊಳವೆಯಿಂದ ತೋರಿಸಿಕೊಟ್ಟ ಗಾಳಿಯ ಒತ್ತಡವೇ ಇಲ್ಲಿ ಕೋಳಿಮರಿಗೆ ನೀರು ಕೊಡುವ ಆಳು!

1923ರಲ್ಲಿ ಅಮೆರಿಕದ ಡೆಲವೇರ್ ರಾಜ್ಯದ ಸಿಸಿಲ್ ಸ್ಟೀಲ್ ಎಂಬ ಗೃಹಿಣಿ ಮೊಟ್ಟೆಗಾಗಿ ಸಾಕಲು 50 ಮರಿಗಳನ್ನು ತರಿಸಿದರು. ತಪ್ಪಿನಿಂದ 500 ಮರಿಗಳು ಬಂದುಬಿಟ್ಟವು. ಆಕೆ ಹಿಂದಿರುಗಿಸಲಿಲ್ಲ. ಬೆಳೆಸಿ ಮಾಂಸಕ್ಕೆ ಮಾರಿದರು, ಲಾಭವಾಯಿತು. ಮೂರೇ ವರ್ಷಗಳಲ್ಲಿ 10,000 ಕೋಳಿಗಳ ಮನೆ ಕಟ್ಟಿದರು. ಮಾಂಸದ ಕೋಳಿ ಸಾಕಣೆ ಉದ್ಯಮವಾಗಿ ಬೆಳೆದ ಕಥೆ ಸಾಮಾನ್ಯವಾಗಿ ಇಲ್ಲಿಂದಲೇ ಆರಂಭವಾಗುತ್ತದೆ.

ಆದರೆ ಸಾವಿರಾರು ಕೋಳಿಗಳು ಒಂದೇ ಸೂರಿನಡಿ ಬಂದಾಗ ಹಳೆಯ ತಟ್ಟೆಗಳು ಸೋತವು. ಮರಿಗಳು ಮೇವಿನ ಮೇಲೆ ಹತ್ತಿ ಕೆದಕುತ್ತವೆ, ಹಿಕ್ಕೆ ಹಾಕುತ್ತವೆ. ಹಿಕ್ಕೆಯೊಡನೆ ಕಾಕ್ಸಿಡಿಯೋಸಿಸ್ ರೋಗದ ಸೂಕ್ಷ್ಮ ಕೋಶಗಳು ಮತ್ತೆ ಬಾಯಿಗೆ ಸೇರುತ್ತವೆ. ನೀರು ಚೆಲ್ಲಿ ಹಾಸಿನ ಹೊಟ್ಟು ಒದ್ದೆಯಾದರೆ ಆ ಕೋಶಗಳಿಗೆ ಹಬ್ಬ. ಕೋಳಿ ಸಾಕಣೆಯ ಖರ್ಚಿನಲ್ಲಿ ನೂರಕ್ಕೆ 60ರಿಂದ 70 ಭಾಗ ಮೇವಿಗೇ ಹೋಗುವುದರಿಂದ ಚೆಲ್ಲಿದ ಕಾಳು ಚೆಲ್ಲಿದ ಹಣವೇ. ಇದಕ್ಕೆ ಕಂಡುಕೊಂಡ ಪರಿಹಾರಗಳು ತೀರ ಸರಳವಾದವು. ಪಾತ್ರೆಯ ಅಂಚನ್ನು ಒಳಕ್ಕೆ ಮಡಿಸಿದರು, ಕೊಕ್ಕಿನಿಂದ ಕಾಳು ಹೊರಗೆ ಎರಚದಂತಾಯಿತು. ಮೇಲೆ ಉರುಳುವ ಸಲಾಕೆ ಇಟ್ಟರು, ಹತ್ತಿ ಕೂರಲು ಹೋದ ಕೋಳಿ ಜಾರಿತು. ಅಂಚನ್ನು ಕೋಳಿಯ ಬೆನ್ನಿನ ಮಟ್ಟಕ್ಕೆ ಎತ್ತಿ, ಪಾತ್ರೆಯ ಮೂರನೆಯ ಒಂದು ಭಾಗ ಮಾತ್ರ ತುಂಬಿದರು.

1952ರಲ್ಲಿ ಇಂಡಿಯಾನಾದ ಹೋವರ್ಡ್ ಬ್ರೆಂಬೆಕ್ ಸ್ವಯಂಚಾಲಿತ ಮೇವಿನ ವ್ಯವಸ್ಥೆಗಾಗಿ ‘ಚೋರ್-ಟೈಮ್’ ಎಂಬ ಸಂಸ್ಥೆಯನ್ನು ಕಟ್ಟಿದರು. ಕೊಳವೆಯೊಳಗೆ ತಿರುಗುವ ಸುರುಳಿ ಕಾಳನ್ನು ತಳ್ಳಿಕೊಂಡು ಹೋಗಿ ಸಾಲು ಸಾಲು ತಟ್ಟೆಗಳಿಗೆ ಸುರಿಯುವ ಪದ್ಧತಿ ಮುಂದೆ ಎಲ್ಲೆಡೆ ಹಬ್ಬಿತು.

ನೀರಿನಲ್ಲಿ ಬಂದ ಬದಲಾವಣೆ ಇನ್ನೂ ದೊಡ್ಡದು. 1980ರ ದಶಕದಿಂದ ದೊಡ್ಡ ಕೋಳಿಮನೆಗಳಲ್ಲಿ ತೆರೆದ ತೊಟ್ಟಿಗಳ ಜಾಗಕ್ಕೆ ನಿಪ್ಪಲ್ ಡ್ರಿಂಕರ್‌ಗಳು, ಅಂದರೆ ನೀರಿನ ತೊಟ್ಟುಗಳು, ಬಂದವು. ಮುಚ್ಚಿದ ಕೊಳವೆಯ ಕೆಳಗೆ ಲೋಹದ ಪುಟ್ಟ ಕಡ್ಡಿ ಇಳಿಬಿದ್ದಿರುತ್ತದೆ. ಕೋಳಿ ಕತ್ತೆತ್ತಿ ಕುಟುಕಿದಾಗ ಕಡ್ಡಿ ಅಲುಗಿ ಕೊಕ್ಕಿಗೆ ಹನಿ ಬೀಳುತ್ತದೆ. ಹಿಕ್ಕೆ ಬೀಳಲು, ಧೂಳು ಕೂರಲು ಅಲ್ಲಿ ತೆರೆದ ನೀರೇ ಇಲ್ಲ. ತೊಟ್ಟಿ ತೊಟ್ಟಾಯಿತು.

ತೊಟ್ಟೇ ಕೊನೆಯಲ್ಲ

ಹಾಗಾದರೆ ಸಮಸ್ಯೆ ಮುಗಿಯಿತೇ? ಇಲ್ಲ. ತೆರೆದ ತೊಟ್ಟಿ ಕೊಳಕಾದರೆ ಕಣ್ಣಿಗೆ ಕಾಣುತ್ತದೆ. ಮುಚ್ಚಿದ ಕೊಳವೆಯೊಳಗೆ ಪಾಚಿಯಂಥ ಲೋಳೆ ಕಟ್ಟಿದರೆ ಕಾಣುವುದಿಲ್ಲ. ತೊಟ್ಟು ಕಟ್ಟಿಕೊಂಡರೆ ಸದ್ದಿಲ್ಲದೆ ಕೋಳಿಗಳು ಬಾಯಾರುತ್ತವೆ. ಮರಿ ಬೆಳೆದಂತೆ ಕೊಳವೆಯನ್ನು ಎತ್ತರಿಸುತ್ತಲೇ ಇರಬೇಕು. ಬಾತುಕೋಳಿಗಂತೂ ತೊಟ್ಟಿನ ನೀರು ಸಾಲದು. ಕಣ್ಣು, ಮೂಗಿನ ಹೊಳ್ಳೆಗಳನ್ನು ಶುಚಿ ಮಾಡಿಕೊಳ್ಳಲು ಅದು ತಲೆಯನ್ನು ನೀರಿನಲ್ಲಿ ಮುಳುಗಿಸಬೇಕು. 1999ರಲ್ಲಿ ಯುರೋಪಿನ ಕೌನ್ಸಿಲ್ ಬಾತುಕೋಳಿಗಳಿಗೆ ಅಷ್ಟು ನೀರು ಸಿಗಬೇಕೆಂದು ಶಿಫಾರಸು ಮಾಡಿತು.

ಇನ್ನು ಕಾಡುಹಕ್ಕಿಗಳ ಹಿಕ್ಕೆ ಬಿದ್ದ ನೀರಿನಿಂದ ಹಕ್ಕಿಜ್ವರ ಹರಡಬಲ್ಲದು. 2012ರಲ್ಲಿ ಬೆಂಗಳೂರಿನ ಬಳಿಯ ಹೆಸರಘಟ್ಟದಲ್ಲಿ ಹಕ್ಕಿಜ್ವರ ಕಾಣಿಸಿಕೊಂಡು ಸಾವಿರಾರು ಪಕ್ಷಿಗಳನ್ನು ಕೊಲ್ಲಬೇಕಾಯಿತು. ರೋಗ ಬರುವ ದಾರಿಗಳು ಹಲವು. ಆದರೆ ಕುಡಿಯುವ ನೀರನ್ನು ಮುಚ್ಚಿಡುವುದು ನಮ್ಮ ಕೈಯಲ್ಲಿರುವ ದಾರಿ.

ಅಶೋಕನ ಬಾವಿಯಿಂದ ಇಂದಿನ ತೊಟ್ಟಿನವರೆಗಿನ ಈ ಚರಿತ್ರೆ ಹೇಳುವುದಿಷ್ಟೆ. ಮೊದಲ ಪಾತ್ರೆಯನ್ನು ಮಾಡಿಸಿದ್ದು ಕರುಣೆ. ಅದನ್ನು ತಿದ್ದಿದ್ದು ಮಾತ್ರ ಗಮನ: ಕುದುರೆಯ ಮೂಗನ್ನು, ಹಸುವಿನ ಗುಟುಕನ್ನು, ಕೋಳಿಯ ಕೊಕ್ಕನ್ನು ಹತ್ತಿರ ಕುಳಿತು ನೋಡಿದವರ ಗಮನ. ಯಂತ್ರ ಎಷ್ಟೇ ಚುರುಕಾದರೂ ಬೆಳಿಗ್ಗೆ ಒಮ್ಮೆ ಬಾಗಿ, ನೀರು ಬರುತ್ತಿದೆಯೇ ಎಂದು ನೋಡುವ ಕಣ್ಣು ಬೇಕೇಬೇಕು.

ನೀವೇ ಮಾಡಿ ನೋಡಿ

ಅಗಲ ಬಾಯಿಯ ಒಂದು ಪ್ಲಾಸ್ಟಿಕ್ ಡಬ್ಬಿಯ ಅಂಚಿನಿಂದ ಒಂದು ಅಂಗುಲ ಒಳಗೆ ಸಣ್ಣ ತೂತು ಮಾಡಿ. ನೀರು ತುಂಬಿ, ಒಂದೂವರೆ ಅಂಗುಲ ಆಳದ, ಡಬ್ಬಿಗಿಂತ ಅಗಲವಾದ ತಟ್ಟೆಯನ್ನು ಮೇಲೆ ಕವುಚಿ, ಎರಡನ್ನೂ ಒಟ್ಟಿಗೆ ಬೇಗನೆ ತಿರುಗಿಸಿ. ನೀರು ತೂತಿನ ಮಟ್ಟಕ್ಕೆ ಬಂದು ನಿಲ್ಲುತ್ತದೆ. ಈಗ ಮೇಲೆ ಬಂದಿರುವ ಡಬ್ಬಿಯ ತಳಕ್ಕೆ ಸೂಜಿಯಿಂದ ಒಂದು ತೂತು ಮಾಡಿದರೆ ಏನಾಗುತ್ತದೆ? ಮೊದಲು ಊಹಿಸಿ, ಆಮೇಲೆ ಮಾಡಿ. ಹಾಗೆಯೇ ನಿಮ್ಮ ಮನೆಯಲ್ಲೋ ನೆರೆಯಲ್ಲೋ ಹಸುವಿದ್ದರೆ, ಅದು ಒಂದು ದಿನ ಎಷ್ಟು ಬಕೆಟ್ಟು ನೀರು ಕುಡಿಯಿತೆಂದು ಎಣಿಸಿ ಬರೆದಿಡಿ.