ಇಂಗ್ಲಿಷಿನ ಮೊದಲ ಕಠಿನಪದಕೋಶ

ಇಂಗ್ಲಿಷ್ ನಿಘಂಟುಗಳ ಚರಿತ್ರೆಯನ್ನು ಹೇಳುವವರು ರಾಬರ್ಟ್ ಕಾಡ್ರಿಯನ್ನು ಮೊದಲಿಗನೆಂದು ಹೆಸರಿಸಿ, ಕೂಡಲೇ ಅವನ ಕೃತಿಯನ್ನು 1755ರ ಜಾನ್ಸನ್ನನ ಮಹಾಕೋಶದೊಡನೆ ತೂಗಿ, ಹಗುರವೆಂದು ಬದಿಗಿಡುವುದು ವಾಡಿಕೆ. 1604ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಅವನ ‘ಟೇಬಲ್ ಆಲ್ಫಬೆಟಿಕಲ್’ ಎಂಬ ಪುಸ್ತಕದಲ್ಲಿರುವುವು ಸುಮಾರು 2,500 ಪದಗಳು. ಎಲ್ಲರೂ ಬಲ್ಲ ಮನೆಮಾತಿಗೆ ಅಲ್ಲಿ ಎಡೆಯಿಲ್ಲ. ಆದರೆ ಈ ತಕ್ಕಡಿಯೇ ಸಲ್ಲದೆಂಬುದು ನಮ್ಮ ಅಭಿಪ್ರಾಯ. ಕಾಡ್ರಿ ಭಾಷೆಯನ್ನೆಲ್ಲ ಸಂಗ್ರಹಿಸಲು ಹೊರಟವನಲ್ಲ.

ಹದಿನಾರನೆಯ ಶತಮಾನದಲ್ಲಿ ಲ್ಯಾಟಿನ್, ಗ್ರೀಕ್, ಫ್ರೆಂಚ್ ಶಬ್ದಗಳು ಇಂಗ್ಲಿಷಿಗೆ ಹೇರಳವಾಗಿ ಬಂದುವು. ಇವನ್ನು ಮಸಿಕೊಂಬಿನ ಮಾತುಗಳೆಂದು ಹಾಸ್ಯಮಾಡುತ್ತಿದ್ದರು. 1553ರಲ್ಲಿ ಥಾಮಸ್ ವಿಲ್ಸನ್ ತನ್ನ ಅಲಂಕಾರ ಗ್ರಂಥದಲ್ಲಿ ಇಂಥ ಬರೆವಣಿಗೆಯನ್ನು ಚೆನ್ನಾಗಿಯೇ ಗೇಲಿಮಾಡಿದನು. ಶಬ್ದಗಳು ಮಾತ್ರ ನಿಲ್ಲಲಿಲ್ಲ. ಲ್ಯಾಟಿನ್ ಕಲಿಸುತ್ತಿದ್ದ ಗ್ರಾಮರ್ ಶಾಲೆಗಳು ಗಂಡುಮಕ್ಕಳಿಗಾಗಿ ಇದ್ದುವು. ಹೀಗಾಗಿ, ಓದು ಬಲ್ಲ ಹೆಂಗಸಿಗೂ ತನ್ನ ತಾಯ್ನುಡಿಯ ಧರ್ಮೋಪದೇಶವೇ ಅಲ್ಲಲ್ಲಿ ಅರ್ಥವಾಗದ ಸ್ಥಿತಿ ಒದಗಿತು. ಮಹಿಳೆಯರೂ ಇತರ ಅಲ್ಪಶಿಕ್ಷಿತರೂ ಧರ್ಮಗ್ರಂಥ, ಉಪದೇಶಗಳಲ್ಲಿ ಎದುರಾಗುವ ಕಠಿನಪದಗಳನ್ನು ತಿಳಿದು, ತಾವೂ ತಕ್ಕಂತೆ ಬಳಸಲಿ ಎಂಬುದೇ ಗ್ರಂಥದ ಉದ್ದೇಶವೆಂದು ಮುಖಪುಟವೇ ಸಾರುತ್ತದೆ. ಅರ್ಪಣೆಯೂ ಹ್ಯಾರಿಂಗ್ಟನ್ ಮನೆತನದ ಐವರು ಸೋದರಿಯರಿಗೆ.

ಕಾಡ್ರಿ ಉಪಾಧ್ಯಾಯನಾಗಿದ್ದವನು, ಅವನ ಪದಪಟ್ಟಿಯ ಬಹುಭಾಗಕ್ಕೆ 1596ರ ಎಡ್ಮಂಡ್ ಕೂಟನ ಪಾಠಪುಸ್ತಕವು ಆಧಾರ. ಪಾಠ ಹೇಳುವವನ ರೀತಿ ಪುಸ್ತಕದುದ್ದಕ್ಕೂ ಕಾಣುತ್ತದೆ. ಕಠಿನಪದದ ಎದುರಿಗೆ ಒಂದೆರಡು ಸುಲಭಪದಗಳನ್ನಿಟ್ಟು ಮುಂದೆ ಸಾಗುತ್ತಾನೆ. ಫ್ರೆಂಚ್, ಗ್ರೀಕ್ ಮೂಲದವಕ್ಕೆ ಗುರುತುಹಾಕುತ್ತಾನೆ. ಮೊದಲ ಅಕ್ಷರಗಳ ಪದ ಬೇಕಾದರೆ ಪುಸ್ತಕದ ಆದಿಯಲ್ಲಿಯೂ, ಕೊನೆಯ ಅಕ್ಷರಗಳದು ಬೇಕಾದರೆ ಅಂತ್ಯದಲ್ಲಿಯೂ ಹುಡುಕಬೇಕೆಂದು ಓದುಗರಿಗೆ ಬಿಡಿಸಿ ಹೇಳುತ್ತಾನೆ. ಇದು ನಗುವ ಮಾತಲ್ಲ. ನಮ್ಮ ಅಮರಕೋಶವನ್ನು ಕಲಿತವರು ವರ್ಗವರ್ಗವಾಗಿ ಶ್ಲೋಕಗಳನ್ನು ಬಾಯಿಪಾಠ ಮಾಡಿದರು. ಅವರಿಗೆ ಅಕಾರಾದಿಯ ಅಗತ್ಯವೇ ಬೀಳಲಿಲ್ಲ. ಬೇಕಾದ ಶಬ್ದವೊಂದನ್ನೇ ಹುಡುಕಿ ತೆಗೆಯುವುದು ಕಾಡ್ರಿಯ ಓದುಗರಿಗೆ ಹೊಸ ವಿದ್ಯೆಯಾಗಿತ್ತು.

1617ರೊಳಗೆ ಪುಸ್ತಕವು ನಾಲ್ಕು ಮುದ್ರಣಗಳನ್ನು ಕಂಡಿತು. ಮೊದಲ ಮುದ್ರಣದ ಒಂದೇ ಪ್ರತಿ, ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದಲ್ಲಿ, ಉಳಿದಿದೆ.

ಮುಂದೆ ಈ ಕೋಶಗಳ ಗುರಿಯೇ ಹೊರಳಿದುದು ಕುತೂಹಲಕರ. 1623ರಲ್ಲಿ ಹೆನ್ರಿ ಕಾಕರಮ್ ತನ್ನ ನಿಘಂಟಿನ ಒಂದು ಭಾಗವನ್ನು ತಿರುಗುಮುರುಗು ಮಾಡಿ, ಸಾಮಾನ್ಯ ಮಾತಿಗೆ ಆಡಂಬರದ ಮಾತನ್ನು ಒದಗಿಸಿದನು. ಅರ್ಥ ತಿಳಿಯಲೆಂದು ಕಲಿಸಿದ ಪದವನ್ನು ಈಗ ಮೆರೆಯಲೆಂದು ಕಲಿಯಬಹುದಾಯಿತು. ದಿನಬಳಕೆಯ ಮಾತುಗಳಿಗೂ ನಿಘಂಟಿನಲ್ಲಿ ಧಾರಾಳವಾಗಿ ಸ್ಥಳ ದೊರೆತುದು 1702ರಲ್ಲಿ, ‘ಜೆ. ಕೆ.’ ಎಂಬ ಅಂಕಿತದಿಂದ ಹೊರಬಂದ ಕೋಶದಲ್ಲಿ.