ಉಪಕೇಂದ್ರದಿಂದ ಬೆಂಗಳೂರಿಗೆ: ತಡವಾಗುವ ಸಂದೇಶದ ಚರಿತ್ರೆ

ಚನ್ನಗಿರಿಯ ಅಡಿಕೆ ತೋಟಕ್ಕೂ ಜಗಳೂರಿನ ಮೆಕ್ಕೆಜೋಳದ ಹೊಲಕ್ಕೂ ಮಳೆಯಲ್ಲಿ ಹೋಲಿಕೆಯಿಲ್ಲ. ಆದರೆ ತ್ರೀಫೇಸ್ ಕರೆಂಟ್ ಬಂದ ಗಳಿಗೆ ಎರಡೂ ಕಡೆ ಬೋರ್‌ವೆಲ್ ಪಂಪ್‌ಸೆಟ್‌ಗಳು ಒಟ್ಟಿಗೆ ಶುರುವಾಗುತ್ತವೆ, ಫೀಡರಿನ ಹೊರೆ ದಿಢೀರನೆ ಏರುತ್ತದೆ. ಹೊನ್ನಾಳಿ, ನ್ಯಾಮತಿಯ ಉಪಕೇಂದ್ರಗಳಲ್ಲೂ ಇದೇ ಕಥೆ. ಆ ಏರಿಕೆ ಬೆಂಗಳೂರಿನ ನಿಯಂತ್ರಣ ಕೊಠಡಿಯ ಪರದೆಗೆ ಎಷ್ಟು ಹೊತ್ತಿಗೆ ತಲುಪುತ್ತದೆ? ತಡವಾದಾಗಲೆಲ್ಲ ತಂತಿಯ ವೇಗವನ್ನು ದೂರುವುದು ರೂಢಿ. ಚರಿತ್ರೆಯನ್ನು ನೋಡಿದರೆ ಆ ದೂರಿಗೆ ಆಧಾರ ಸಿಗುವುದಿಲ್ಲ. ಒಂದೊಂದು ಘಟ್ಟದಲ್ಲೂ ಹೆಚ್ಚು ಹೊತ್ತು ತಿಂದದ್ದು ಸರದಿ ಕಾಯುವಿಕೆ.

1957ರಲ್ಲಿ ಆರಂಭವಾದ ರಾಜ್ಯ ವಿದ್ಯುತ್ ಮಂಡಳಿಯ ಕಾಲದಲ್ಲಿ ಉಪಕೇಂದ್ರದ ಆಪರೇಟರ್ ಗಂಟೆಗೊಮ್ಮೆ ಮೀಟರ್ ನೋಡಿ ಲಾಗ್‌ಶೀಟಿನಲ್ಲಿ ಬರೆಯುತ್ತಿದ್ದರು, ಕೇಳಿದಾಗ ಫೋನಿನಲ್ಲಿ ಓದಿ ಹೇಳುತ್ತಿದ್ದರು. ದೊಡ್ಡ ಕೇಂದ್ರಗಳಲ್ಲಿ ಮಾತು ಹೋಗುತ್ತಿದ್ದುದು ಹೈಟೆನ್ಷನ್ ತಂತಿಯ ಮೇಲೆಯೇ. ಅದಕ್ಕೆಂದು ತೂಗುಹಾಕಿದ ದಪ್ಪ ಸುರುಳಿಗಳು ಹಲವು ಕೇಂದ್ರಗಳಲ್ಲಿ ಇಂದಿಗೂ ಕಾಣುತ್ತವೆ.

ಆ ಆಪರೇಟರ್ ಮಾಡುತ್ತಿದ್ದ ಕೆಲಸ ಮುಂದೆ ಯಂತ್ರಕ್ಕೆ ಬಂತು. 1968ರಲ್ಲಿ ಅಮೆರಿಕದ ಡಿಕ್ ಮಾರ್ಲಿ ಕಲ್ಪಿಸಿದ ಪಿಎಲ್‌ಸಿ ಎಂಬ ನಿಯಂತ್ರಕ ಯಂತ್ರದಿಂದ ಬೆಳೆದ ಮಾಡಿಕಾನ್ ಸಂಸ್ಥೆ 1979ರಲ್ಲಿ ಮಾಡ್‌ಬಸ್ ಸಂವಹನ ನಿಯಮ ಪ್ರಕಟಿಸಿತು. ಅದರಲ್ಲಿ ಆತಿಥೇಯ ಕಂಪ್ಯೂಟರ್ ಕೇಳಬೇಕು, ನಿಯಂತ್ರಕ ಉತ್ತರಿಸಬೇಕು. ಕೇಳದೆ ಯಾರೂ ಮಾತಾಡುವಂತಿಲ್ಲ. ಸೆಕೆಂಡಿಗೆ 9600 ಬಿಟ್ ವೇಗದಲ್ಲಿ ಹತ್ತು ರಿಜಿಸ್ಟರ್‌ಗಳ ಪ್ರಶ್ನೆ, ಉತ್ತರ ಸೇರಿ 33 ಬೈಟ್. ತಂತಿಯ ಮೇಲೆ ಸುಮಾರು 38 ಮಿಲಿಸೆಕೆಂಡ್. ಅದೇ ಸಾಲಿನಲ್ಲಿ ಒಂದು ನಿಯಂತ್ರಕ ಕೆಟ್ಟು ಸುಮ್ಮನಿದ್ದರೆ? ಒಂದು ಸೆಕೆಂಡಿನ ಟೈಮ್‌ಔಟ್ ಇಟ್ಟು ಮೂರು ಬಾರಿ ಕೇಳುವಂತೆ ಹೊಂದಿಸಿದ್ದರೆ ಪ್ರತಿ ಸುತ್ತಿಗೂ ಮೂರು ಸೆಕೆಂಡು ಹೋಯಿತು. ಆ ಹೊತ್ತಿನಲ್ಲಿ ಎಪ್ಪತ್ತಕ್ಕೂ ಹೆಚ್ಚು ಉತ್ತರಗಳು ತಂತಿಯ ಮೇಲೆ ಹಾದುಹೋಗಬಹುದಿತ್ತು. ವೇಗವನ್ನು 19200ಕ್ಕೆ ಏರಿಸಿದರೆ ಉಳಿಯುವುದು 19 ಮಿಲಿಸೆಕೆಂಡ್. ಮೂರು ಸೆಕೆಂಡು ಹಾಗೆಯೇ ಇರುತ್ತದೆ. ಕೆಟ್ಟದ್ದನ್ನು ಪಟ್ಟಿಯಿಂದ ಬದಿಗಿಟ್ಟು, ಆಗಾಗ ಮಾತ್ರ ವಿಚಾರಿಸುವುದೇ ಮದ್ದು.

ಹೊಸ ಶತಮಾನದ ಮೊದಲ ದಶಕದಲ್ಲಿ ಕರ್ನಾಟಕ ವಿದ್ಯುತ್ ಪ್ರಸರಣ ನಿಗಮ ರಾಜ್ಯದ ಉಪಕೇಂದ್ರಗಳನ್ನು ವಿ-ಸ್ಯಾಟ್ ಎಂಬ ಉಪಗ್ರಹ ಸಂಪರ್ಕದ ಮೂಲಕ, ದೂರದಿಂದಲೇ ನಿಗಾ ಇಡುವ ಸ್ಕಾಡಾ ವ್ಯವಸ್ಥೆಗೆ ಜೋಡಿಸಿತು. ಕೇಬಲ್ ಎಳೆಯಲಾಗದ ಊರುಗಳಿಗೆ ಇದು ನಿಜವಾದ ದೊಡ್ಡ ಹೆಜ್ಜೆ. ಆದರೆ ಭೂಸ್ಥಿರ ಉಪಗ್ರಹ ಇರುವುದು 35,786 ಕಿ.ಮೀ. ಎತ್ತರದಲ್ಲಿ. ಪ್ರಶ್ನೆ ಹೋಗಿ ಉತ್ತರ ಬರಲು ಬೆಳಕಿನ ವೇಗದಲ್ಲೇ ಹೋದರೂ ಅರ್ಧ ಸೆಕೆಂಡಿನ ಹತ್ತಿರ. ಯಾವ ಬ್ಯಾಂಡ್‌ವಿಡ್ತ್ ಕೊಂಡರೂ ಇದು ಕಡಿಮೆಯಾಗದು. ಒಂದು ಉಪಕೇಂದ್ರದ ನಲವತ್ತು ಮೌಲ್ಯಗಳನ್ನು ಒಂದೊಂದಾಗಿ ಕೇಳಿದರೆ ಇಪ್ಪತ್ತು ಸೆಕೆಂಡು, ಒಟ್ಟಿಗೆ ಕೇಳಿದರೆ ಸುಮಾರು ಅರ್ಧ ಸೆಕೆಂಡು. ಲಿಂಕ್ ಒಂದೇ, ಕೇಳುವ ಕ್ರಮ ಬೇರೆ.

ವಿದ್ಯುತ್ ಕ್ಷೇತ್ರದ ಸಂವಹನ ನಿಯಮಗಳು ಈ ದಿಕ್ಕಿನಲ್ಲೇ ಬೆಳೆದವು. 2000ದಲ್ಲಿ ಬಂದ ಐಇಸಿ 60870-5-104ರಲ್ಲಿ ಉಪಕೇಂದ್ರದ ಮಾಹಿತಿ ಕಳಿಸುವ ಘಟಕವಾದ ಆರ್‌ಟಿಯು ಬದಲಾವಣೆಯಾದಾಗ ತಾನೇ ವರದಿ ಕಳಿಸಬಲ್ಲದು. ಸ್ವೀಕೃತಿಗೆ ಕಾಯದೆ ಹನ್ನೆರಡು ಸಂದೇಶಗಳವರೆಗೆ ಕಳಿಸಲು ಸಾಮಾನ್ಯ ಹೊಂದಾಣಿಕೆಯಲ್ಲಿ ಅವಕಾಶವಿದೆ. ಉಪಗ್ರಹ ಮಾರ್ಗದಲ್ಲಿ ಆ ಸಂಖ್ಯೆಯನ್ನು ಒಂದಕ್ಕೆ ಇಳಿಸಿದರೆ ಪ್ರತಿ ಸಂದೇಶವೂ ಹಿಂದಿನದರ ಸ್ವೀಕೃತಿಗಾಗಿ ನಿಲ್ಲುತ್ತದೆ, ಹೊಸ ನಿಯಮ ಹಳೆಯದರಂತೆಯೇ ತೆವಳುತ್ತದೆ.

ದೋಷ ಹುಡುಕುವವರಿಗೆ ಈ ಬೆಳವಣಿಗೆ ಕೊಟ್ಟ ಅತ್ಯುತ್ತಮ ಸಾಧನ ಕಾಲಮುದ್ರೆ ಎಂಬುದು ನನ್ನ ದೃಢ ಅಭಿಪ್ರಾಯ. ಬ್ರೇಕರ್ ಬಿದ್ದ ಕ್ಷಣವನ್ನು ಆರ್‌ಟಿಯು ಜಿಪಿಎಸ್ ಗಡಿಯಾರದಿಂದ ಗುರುತಿಸಿದ್ದರೆ ಮೂರು ಹೊತ್ತುಗಳನ್ನು ಹೋಲಿಸಬಹುದು: ಘಟನೆಯದು, ಸಂದೇಶ ಆತಿಥೇಯ ಕಂಪ್ಯೂಟರಿನ ಬಾಗಿಲಿಗೆ ಬಂದದ್ದು, ಪರದೆಯಲ್ಲಿ ಮೂಡಿದ್ದು. ಮೊದಲೆರಡರ ನಡುವೆ ಅಂತರವಿದ್ದರೆ ಆರ್‌ಟಿಯು, ಮೋಡೆಮ್, ಸರದಿಪಟ್ಟಿಗಳನ್ನು ಶೋಧಿಸಬೇಕು. ಸಂದೇಶ ಸಕಾಲಕ್ಕೆ ಬಂದೂ ಪರದೆ ಹಿಂದೆ ಬಿದ್ದಿದ್ದರೆ ನ್ಯಾಮತಿಗೋ ಜಗಳೂರಿಗೋ ಜೀಪು ಕಳಿಸುವ ಅಗತ್ಯವಿಲ್ಲ. ಬೆಂಗಳೂರಿನ ಕಂಪ್ಯೂಟರಿನ ಡೇಟಾಬೇಸ್‌ನಲ್ಲೇ ಹುಡುಕಬೇಕು.